ಉಚಿತವೆಲ್ಲ ಉಚಿತವೆ?

'ಉಚಿತ' ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಯೋಗ್ಯವಾದುದು, ತಕ್ಕುದು, ಹೊಂದಿಕೆಯಾದುದು ಎಂದರ್ಥ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸಾಧಿಸುವುದಕ್ಕಾಗಿ 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥವನ್ನೇ ರಚಿಸಿದನು. ಕನ್ನಡಕ್ಕೆ ಬಂದ ಮೇಲೆ ಈ ಶಬ್ದವು ಉಡುಗೊರೆ, ಬಹುಮಾನ ಎಂಬ ಅರ್ಥವನ್ನೂ ಪಡೆಯಿತು. ಅನಂತರ ಪೇಟೆಯ ಬೀದಿಗೆ ಇಳಿದು, ದುಡ್ಡು ಕೊಡದೆ ದೊರಕುವುದು ಎಂಬ ಅರ್ಥದಲ್ಲಿ ನೆಲೆ ನಿಂತಿತು. ಎರಡು ಸಾಬೂನು ಕೊಂಡರೆ ಒಂದು ಉಚಿತವೆಂದು ಅಂಗಡಿಯವನು ಬರೆದು ತೂಗುಹಾಕಿದರೆ, ಆ ಸಾಬೂನಿನ ಔಚಿತ್ಯವೇನೆಂದು ಯಾರೂ ಕೇಳುವುದಿಲ್ಲ. ಅರ್ಥವು ಕಾಲದಿಂದ ಕಾಲಕ್ಕೆ ಸರಿಯುವುದು ಭಾಷೆಯ ಸ್ವಭಾವ. ವ್ಯಾಕರಣವನ್ನು ಓದಿದವರು ಇದಕ್ಕೆ ಮುನಿಯುವುದಿಲ್ಲ. ಆದರೆ ಹೊಸ ಅರ್ಥವು ಹಳೆಯದರ ಪೀಠದಲ್ಲಿ ಕುಳಿತು ತೀರ್ಪು ಹೇಳಲು ತೊಡಗಿದಾಗ ಸುಮ್ಮನಿರುವುದು ಕಷ್ಟ. 'ಇದಕ್ಕೆ ಬೆಲೆಯಿಲ್ಲ, ಆದುದರಿಂದ ಇದು ಶಾಲೆಗೆ ಯೋಗ್ಯ' ಎಂಬ ವಾದವು ಇಂದು ಪ್ರೌಢಶಾಲೆಗಳಲ್ಲಿ ಸಿದ್ಧಾಂತದಂತೆ ನಡೆಯುತ್ತಿದೆ. ಈ ಸಿದ್ಧಾಂತವನ್ನು ಪರೀಕ್ಷಿಸುವುದೇ ಪ್ರಕೃತ ವಿಷಯ.

2020ರಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದಂದಿನಿಂದ ಉಪಾಧ್ಯಾಯರ ಕೈಗೆ ಇಂಟರ್‌ನೆಟ್ಟಿನ ಉಪಕರಣಗಳು ರಾಶಿರಾಶಿಯಾಗಿ ಬಂದು ಸೇರಿದುವು. ಉತ್ತರಗಳನ್ನು ತಾನೇ ತಿದ್ದಿ ಅಂಕ ಹಾಕುವ ಫಾರಂ, ಪಾಠದ ವಿಡಿಯೋ, ಲೆಕ್ಕಗಳನ್ನು ಹಂಚುವ ವಾಟ್ಸಾಪ್ ಗುಂಪು, ಸರಿಯುತ್ತರ ಕೊಟ್ಟವನಿಗೆ ಪದಕವನ್ನೂ ನಕ್ಷತ್ರವನ್ನೂ ತೋರಿಸುವ ಆಟ, ಗೋಡೆಯ ಮೇಲೆ ಚೀಟಿ ಅಂಟಿಸಿದಂತೆ ಹುಡುಗರೆಲ್ಲರ ಅಭಿಪ್ರಾಯವನ್ನು ಒಂದೇ ತೆರೆಯ ಮೇಲೆ ಕಾಣಿಸುವ ಹಲಗೆ, ಹೀಗೆ ಒಂದೇ ಎರಡೇ. ಶಾಲೆಗಳು ಮತ್ತೆ ತೆರೆದುವು. ಉಪಕರಣಗಳು ಮಾತ್ರ ಉಳಿದುಕೊಂಡುವು. ಇವುಗಳ ಪ್ರಶಂಸೆಯಲ್ಲಿ ಮೊದಲು ಬರುವ ವಿಶೇಷಣವು 'ಉಚಿತ'. ಯಾರಾದರೂ ಹಿಂದೆಮುಂದೆ ನೋಡಿದರೆ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರೆಂಬ ಗಾದೆಯನ್ನು ಹೇಳಿ ಬಾಯಿ ಮುಚ್ಚಿಸುತ್ತಾರೆ.

ಮೊಳ ಹಾಕಬೇಕು, ಹಿತ್ತಲಿನಲ್ಲಿ ಕದ್ದು ಹಾಕತಕ್ಕದ್ದಲ್ಲ, ಅಂಗಳದಲ್ಲಿ ಎಲ್ಲರೆದುರಿಗೆ ಹಾಕತಕ್ಕದ್ದು. ಏಕೆಂದರೆ ದಟ್ಟಿಯನ್ನು ತೆಗೆದುಕೊಳ್ಳುವವನು ಇಲ್ಲಿ ಉಪಾಧ್ಯಾಯನಾದರೂ, ಅದನ್ನು ಉಡಬೇಕಾದವರು ಬೇರೆಯವರ ಮಕ್ಕಳು.

ಪೂರ್ವಪಕ್ಷಕ್ಕೆ ಸಲ್ಲಬೇಕಾದ ನ್ಯಾಯವನ್ನು ಮೊದಲು ಸಲ್ಲಿಸೋಣ. ಈ ಉಪಕರಣಗಳಲ್ಲಿ ಕೆಲವು ನಿಜವಾಗಿ ಅಮೂಲ್ಯವಾದುವು. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕುಸ್ ಹೊಹೆನ್‌ವಾರ್ಟರ್ ಎಂಬಾತನು ವಿದ್ಯಾರ್ಥಿಯಾಗಿದ್ದಾಗ 2001ರಲ್ಲಿ ಆರಂಭಿಸಿದ 'ಜಿಯೋಜೀಬ್ರಾ' ಎಂಬ ರೇಖಾಗಣಿತದ ತಂತ್ರಾಂಶವನ್ನೇ ನೋಡಬಹುದು. ಅರ್ಧವೃತ್ತದಲ್ಲಿ ಏರ್ಪಡುವ ಕೋನವು ಲಂಬಕೋನವೆಂಬ ಪ್ರಮೇಯವನ್ನು ಕರಿಹಲಗೆಯ ಮೇಲೆ ಕಲಿಸುವಾಗ ಉಪಾಧ್ಯಾಯನು ಒಂದು ಚಿತ್ರವನ್ನು ಬರೆಯುತ್ತಾನೆ, ಹೆಚ್ಚೆಂದರೆ ಎರಡನ್ನು. ಪ್ರಮೇಯವು ಆ ಎರಡು ಚಿತ್ರಗಳಿಗೆ ಮಾತ್ರವಲ್ಲದೆ ಸಕಲ ಅರ್ಧವೃತ್ತಗಳಿಗೂ ಸಲ್ಲುವುದೆಂಬುದನ್ನು ಹುಡುಗನು ಗುರುವಾಕ್ಯವೆಂದು ನಂಬಬೇಕು. ಜಿಯೋಜೀಬ್ರಾದಲ್ಲಾದರೋ ಪರಿಧಿಯ ಮೇಲಿನ ಬಿಂದುವನ್ನು ಹಿಡಿದು ಅತ್ತಿತ್ತ ಎಳೆಯಬಹುದು. ತ್ರಿಭುಜವು ಸೊಟ್ಟಗಾಗುತ್ತದೆ, ಕಿರಿದಾಗುತ್ತದೆ, ಬಾಹುಗಳು ಹಿಗ್ಗಿ ಕುಗ್ಗುತ್ತವೆ. ಆ ಒಂದು ಕೋನವು ಮಾತ್ರ ತೊಂಬತ್ತು ಅಂಶಗಳನ್ನು ಬಿಟ್ಟು ಕದಲುವುದಿಲ್ಲ. ಎಲ್ಲವೂ ಚಲಿಸುವಾಗ ಒಂದು ನಿಲ್ಲುವುದನ್ನು ಕಣ್ಣಾರೆ ಕಂಡ ಹುಡುಗನು 'ಏಕೆ?' ಎಂದು ತಾನಾಗಿಯೇ ಕೇಳುತ್ತಾನೆ. ಸಾಧನೆಯನ್ನು ಹೇಳಿಕೊಡುವುದಕ್ಕೆ ಅದಕ್ಕಿಂತ ಶುಭಮುಹೂರ್ತ ಬೇರೊಂದಿಲ್ಲ.

ಅಂತೆಯೇ, ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಾರಿತೋಷಕವನ್ನು ಪಡೆದ ಕಾರ್ಲ್ ವೀಮನ್ ಅವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಸ್ಥಾಪಿಸಿದ 'ಫೆಟ್' ಎಂಬ ಯೋಜನೆಯ ಪ್ರಯೋಗಚಿತ್ರಗಳು. ವಿದ್ಯುನ್ಮಂಡಲವನ್ನು ಜೋಡಿಸುವ ಪಾಠಕ್ಕೆ ಬ್ಯಾಟರಿ, ತಂತಿ, ಬಲ್ಬುಗಳನ್ನು ನಲವತ್ತು ಮಂದಿಗೆ ಒದಗಿಸಲಾರದ ಶಾಲೆಯೂ ಒಂದು ತೆರೆಯ ಮೇಲೆ ಅದನ್ನು ಮಾಡಿ ತೋರಿಸಬಹುದು. ಇವುಗಳಲ್ಲಿ ಹಲವು ಕನ್ನಡದಲ್ಲಿಯೂ ದೊರೆಯುತ್ತವೆ. ತೆರೆಯ ಮೇಲಿನ ಬಲ್ಬು ಕೈಯನ್ನು ಸುಡುವುದಿಲ್ಲ. ಆದುದರಿಂದ ಒಂದು ನಿಜವಾದ ಬಲ್ಬೂ ಮೇಜಿನ ಮೇಲಿರಬೇಕೆಂಬುದು ಬೇರೆ ಮಾತು.

ಹೀಗಿರಲಾಗಿ, ಯಂತ್ರವೇ ಬೇಡ, ಸೀಮೆಸುಣ್ಣವೊಂದೇ ಸಾಕೆಂದು ಹಟ ಹಿಡಿಯುವ ಹಿರಿಯರ ಪಕ್ಷವನ್ನು ಇಲ್ಲಿ ವಿಸ್ತರಿಸಿ ಖಂಡಿಸಬೇಕಾದುದಿಲ್ಲ. ಓಲೆಗರಿಯ ಕಾಲದಲ್ಲಿ ಅಚ್ಚಿನ ಪುಸ್ತಕವೂ ಹೊಸ ಯಂತ್ರದ ಸಂತಾನವೇ ಆಗಿತ್ತು. ಅದನ್ನು ಮಡಿಯಿಲ್ಲವೆಂದು ದೂರವಿಟ್ಟವರ ಮೊಮ್ಮಕ್ಕಳೇ ಮುಂದೆ ಅಚ್ಚುಕೂಟಗಳನ್ನು ನಡೆಸಿದರು.

ವಾದವಿರುವುದು ಎರಡನೆಯ ಪಕ್ಷದೊಡನೆ. ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಈ ಪಕ್ಷವು ಬಿಟ್ಟಿಗೂ ದಾನಕ್ಕೂ ಇರುವ ಅಂತರವನ್ನು ಮರೆತಿದೆ. ಈ ಅಂತರವನ್ನು ತಿಳಿಯುವುದಕ್ಕೆ ಪಾಶ್ಚಾತ್ಯ ಶಾಸ್ತ್ರಗಳನ್ನು ಹುಡುಕಿಕೊಂಡು ಹೋಗುವ ಶ್ರಮವೇ ಬೇಡ. ಕನ್ನಡನಾಡಿನ ಇತಿಹಾಸದಲ್ಲಿಯೇ ಇದಕ್ಕೆ ನಿಷ್ಕೃಷ್ಟವಾದ ಲಕ್ಷ್ಯವುಂಟು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಎಲ್ಲರೂ ಬಲ್ಲರು. ಅಚ್ಚಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ಊಹಿಸಬೇಕು. ಆ ದಾನದ ಸ್ವರೂಪವೇನು? ಪ್ರತಿಯು ಪಡೆದವನ ಮನೆಗೆ ಹೋಯಿತು. ಅವನು ಅದನ್ನು ತನ್ನ ಪೆಟ್ಟಿಗೆಯಲ್ಲಿಟ್ಟನು, ಬೇಕಾದಾಗ ಬಿಚ್ಚಿದನು, ಅಂಚಿನಲ್ಲಿ ಟಿಪ್ಪಣಿ ಬರೆದನು, ನೆರೆಯವನು ಕೇಳಿದರೆ ಇನ್ನೊಂದು ಪ್ರತಿ ಮಾಡಿಸಿಕೊಟ್ಟನು. ಯಾವ ರಾತ್ರಿ ಯಾವ ಪದ್ಯವನ್ನು ಎಷ್ಟು ಹೊತ್ತು ಓದಿದನೆಂದು ಅತ್ತಿಮಬ್ಬೆಯು ಆಳುಗಳನ್ನಿಟ್ಟು ಕೇಳಿಸಲಿಲ್ಲ. ಅವಳ ಕಾಲವು ಮುಗಿದಾಗ ಆ ಪ್ರತಿಗಳು ಗರಿಗಳಿಂದ ಅಳಿಸಿಹೋಗಲೂ ಇಲ್ಲ.

ಇದಕ್ಕೆ ಬದಲಾಗಿ ಅವಳು ಆ ಸಾವಿರ ಪ್ರತಿಗಳನ್ನೂ ತನ್ನ ಮನೆಯಲ್ಲಿಯೇ ಇಟ್ಟುಕೊಂಡು, 'ಕಿಟಕಿಯ ಹೊರಗೆ ನಿಂತು ಓದಿರಿ. ಹೆಸರು, ಊರು, ವಯಸ್ಸುಗಳನ್ನು ಬಾಗಿಲಲ್ಲಿ ಬರೆಯಿಸಿರಿ. ಎಲ್ಲಿ ತಡವರಿಸಿದಿರೆಂಬುದನ್ನು ಕರಣಿಕನು ಗುರುತು ಹಾಕಿಕೊಳ್ಳುವನು. ನಾಳೆ ಕಿಟಕಿ ಮುಚ್ಚಿದರೆ ಕೇಳಬೇಡಿರಿ' ಎಂದಿದ್ದರೆ, ಅವಳಿಗೆ ದಾನಚಿಂತಾಮಣಿಯೆಂಬ ಬಿರುದು ಸಲ್ಲುತ್ತಿತ್ತೆ? ಇಂದು ಉಚಿತವೆಂದು ಶಾಲೆಗಳಿಗೆ ಬರುವ ಉಪಕರಣಗಳಲ್ಲಿ ಕೆಲವು ಅತ್ತಿಮಬ್ಬೆಯ ಪ್ರತಿಗಳು. ಬಹುಭಾಗ ಈ ಕಿಟಕಿಗಳು. ಎರಡನ್ನೂ ಒಂದೇ ಶಬ್ದದಿಂದ ಕರೆಯುವುದು ವಿವೇಕವಲ್ಲ.

ಕಿಟಕಿ ಮುಚ್ಚುವುದೆಂಬುದು ಕಲ್ಪನೆಯ ಮಾತಲ್ಲ. ಅಮೆರಿಕದಲ್ಲಿ 2008ರಲ್ಲಿ ಹುಟ್ಟಿದ 'ಎಡ್ಮೊಡೊ' ಎಂಬುದು ತರಗತಿಗಳಿಗಾಗಿ ಉಚಿತವಾಗಿ ನಡೆಯುತ್ತಿದ್ದ ವ್ಯವಸ್ಥೆ. ಲೋಕದ ಹಲವು ದೇಶಗಳ ಉಪಾಧ್ಯಾಯರು ತಮ್ಮ ಪಾಠಟಿಪ್ಪಣಿ, ಪ್ರಶ್ನಾವಳಿ, ಅಂಕಪಟ್ಟಿಗಳನ್ನು ಅದರಲ್ಲಿ ತುಂಬಿದರು. ಕೆಲವೇ ವಾರಗಳ ಮುನ್ಸೂಚನೆಯನ್ನು ಕೊಟ್ಟು 2022ರ ಸೆಪ್ಟೆಂಬರ್ 22ರಂದು ಅದನ್ನು ಮುಚ್ಚಲಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಕ್ಕಳ ವಿವರಗಳನ್ನು ಸಂಗ್ರಹಿಸಿ ಜಾಹಿರಾತಿಗೆ ಬಳಸಿತೆಂಬ ಆಪಾದನೆಯ ಮೇಲೆ 2023ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು ಆ ಸಂಸ್ಥೆಯನ್ನು 60 ಲಕ್ಷ ಡಾಲರುಗಳ ದಂಡಕ್ಕೆ ಗುರಿಪಡಿಸಿತು. ತೆರುವ ಶಕ್ತಿ ಸಂಸ್ಥೆಗಿಲ್ಲದುದರಿಂದ ವಸೂಲಿಯನ್ನು ತಡೆಹಿಡಿಯಿತು. ಇದರಲ್ಲಿ ಉಪಾಧ್ಯಾಯರು ಗಮನಿಸತಕ್ಕ ಒಂದು ಅಂಶವುಂಟು. ತಂದೆತಾಯಿಗಳ ಒಪ್ಪಿಗೆಯನ್ನು ಪಡೆಯುವ ತನ್ನ ಹೊಣೆಯನ್ನು ಸಂಸ್ಥೆಯು ಶಾಲೆಗಳ ಮತ್ತು ಉಪಾಧ್ಯಾಯರ ತಲೆಗೆ ಕಟ್ಟಿತ್ತೆಂಬುದೂ ಆಪಾದನೆಗಳಲ್ಲಿ ಒಂದು. ಲಾಭವು ಅಂಗಡಿಗೆ, ಹೊಣೆಯು ಹಲಗೆಯ ಮುಂದೆ ನಿಂತವನಿಗೆ!

ಮುಚ್ಚುವುದಕ್ಕೆ ಸಂಸ್ಥೆಯು ದಿವಾಳಿಯಾಗಬೇಕೆಂದೂ ಇಲ್ಲ. ಧನಕನಕಗಳಿಗೆ ಕೊರತೆಯಿಲ್ಲದ ಗೂಗಲ್ ಸಂಸ್ಥೆಯು ತರಗತಿಗಳಲ್ಲಿ ಬಳಕೆಯಲ್ಲಿದ್ದ 'ಜ್ಯಾಮ್‌ಬೋರ್ಡ್' ಎಂಬ ಹಲಗೆಯನ್ನು 2024ರ ಡಿಸೆಂಬರ್ 31ರಂದು ನಿಲ್ಲಿಸಿತು. ನಿಲ್ಲಿಸುವುದು ಅದರ ಹಕ್ಕು. ಬಾಡಿಗೆಯನ್ನೇ ಕೊಡದ ಬಿಡಾರದವನು ತಕರಾರು ಮಾಡುವುದಾದರೂ ಹೇಗೆ? ಇದಕ್ಕೆ ಶಾಸ್ತ್ರದಲ್ಲಿ ಘಟ್ಟಕುಟೀಪ್ರಭಾತನ್ಯಾಯವೆಂದು ಹೆಸರು. ಸುಂಕವನ್ನು ತಪ್ಪಿಸಿಕೊಳ್ಳಬೇಕೆಂದು ಬಂಡಿ ಹೂಡಿಕೊಂಡು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಅಲೆದವನಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಮುಂದೆಯೇ! ಹಣವುಳಿಸಹೋದ ಶಾಲೆಯು ಉಪಾಧ್ಯಾಯರ ನಾಲ್ಕು ವರ್ಷಗಳ ದುಡಿಮೆಯನ್ನು ತೆತ್ತು ಬರುತ್ತದೆ.

'ಹಳ್ಳಿಯ ಹುಡುಗನೊಬ್ಬನ ಹೆಸರು, ವಯಸ್ಸು ಯಾರಿಗೋ ತಿಳಿದರೆ ಆಗುವ ನಷ್ಟವೇನು?' ಎಂದು ಆಕ್ಷೇಪಿಸುವವರುಂಟು. ಇದು ಸುಲಭವಾಗಿ ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. ಹೆಸರು ಶಾಲೆಯ ಹಾಜರಿಪುಸ್ತಕದಲ್ಲಿಯೂ ಇರುವುದಷ್ಟೆ. ಆದರೆ ಹಾಜರಿಪುಸ್ತಕವು ಮುಖ್ಯೋಪಾಧ್ಯಾಯರ ಬೀರುವಿನಲ್ಲಿದೆ. ಇಲ್ಲಿ ಹೋಗುವುದು ಹೆಸರು ಮಾತ್ರವೂ ಅಲ್ಲ. ಯಾವ ಲೆಕ್ಕದಲ್ಲಿ ಎಷ್ಟು ಸಲ ತಪ್ಪಿದನು, ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಗಿದ್ದನು, ತಾಯಿಯ ಮೊಬೈಲು ಯಾವ ಬಗೆಯದು, ಮನೆ ಯಾವ ಬೀದಿಯಲ್ಲಿದೆ ಎಂಬುದೆಲ್ಲ ಹೋಗಬಹುದು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 49 ದೇಶಗಳಲ್ಲಿ ಬಳಕೆಯಲ್ಲಿದ್ದ ನೂರ ಅರುವತ್ತಕ್ಕೂ ಮಿಕ್ಕ ಇಂಥ ಉಪಕರಣಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 89ರಷ್ಟು ಮಕ್ಕಳ ಹಕ್ಕುಗಳಿಗೆ ಅಪಾಯವಾಗುವ ರೀತಿಯಲ್ಲಿ ವಿವರಗಳನ್ನು ನಿರ್ವಹಿಸುತ್ತಿದ್ದುವೆಂದು 2022ರಲ್ಲಿ ಪ್ರಕಟಿಸಿತು. ತಪ್ಪು ಮಾಡುವುದು ಕಲಿಯುವವನ ಹಕ್ಕು. ಸ್ಲೇಟಿನ ಮೇಲೆ ತಪ್ಪಿದರೆ ಎಂಜಲು ಮುಟ್ಟಿಸಿ ಒರಸುತ್ತಿದ್ದನು, ಉಪಾಧ್ಯಾಯನು ಗದರಿಸುತ್ತಿದ್ದನು, ಮರುದಿನಕ್ಕೆ ಇಬ್ಬರೂ ಮರೆಯುತ್ತಿದ್ದರು. ಹದಿಮೂರು ವರ್ಷದವನ ತಪ್ಪನ್ನು ಎಂದೂ ಮರೆಯದ ಒಂದು ಚಿತ್ರಗುಪ್ತನ ಕಡತಕ್ಕೆ ಸೇರಿಸುವ ಅಧಿಕಾರವನ್ನು ಉಪಾಧ್ಯಾಯನಿಗೆ ಕೊಟ್ಟವರಾರು?

ಕಂಪನಿಗಳದಾದರೆ ಹೀಗೆ, ಸರ್ಕಾರದ್ದಾದರೆ ನಿಶ್ಚಿಂತೆಯೆಂದು ಭಾವಿಸಬೇಕಾಗಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ದೀಕ್ಷಾ' ಎಂಬ ವೇದಿಕೆಯು ಉಪಯುಕ್ತವಾದುದೇ ಸರಿ. ಪಠ್ಯಪುಸ್ತಕದ ಪಾಠದ ಬಳಿಯಲ್ಲಿ ಅಚ್ಚಾದ ಕಪ್ಪುಬಿಳಿ ಚೌಕದ ಮೇಲೆ ಮೊಬೈಲು ಹಿಡಿದರೆ ಆ ಪಾಠಕ್ಕೆ ಸಂಬಂಧಪಟ್ಟ ವಿಡಿಯೋ ತೆರೆಯುತ್ತದೆ. ಆದರೆ ಅದರ ವಿವರಗಳಿದ್ದ ಒಂದು ಉಗ್ರಾಣವು ಒಂದು ವರ್ಷಕ್ಕೂ ಮೀರಿ ಬೀಗವಿಲ್ಲದೆ ತೆರೆದಿತ್ತೆಂದೂ, ಹತ್ತು ಲಕ್ಷಕ್ಕೂ ಮಿಕ್ಕ ಉಪಾಧ್ಯಾಯರ ಮತ್ತು ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರಗಳು ಅದರಲ್ಲಿದ್ದುವೆಂದೂ 2023ರ ಜನವರಿಯಲ್ಲಿ ವರದಿಯಾಯಿತು. ದುರುದ್ದೇಶವೇ ಬೇಕೆಂದಿಲ್ಲ, ಅಜಾಗ್ರತೆಯೊಂದೇ ಸಾಕು. ಸಂಗ್ರಹಿಸದೆ ಇದ್ದ ವಿವರವು ಸೋರಿಹೋಗಲಾರದು.

ಕೆಲವು ತಲೆಮಾರುಗಳ ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು. ಸೋಮವಾರ ವಕೀಲರ ಮನೆ, ಮಂಗಳವಾರ ಶಾನುಭೋಗರ ಮನೆ, ಬುಧವಾರ ಅರ್ಚಕರ ಮನೆ. ಅದೂ ಉಚಿತವೇ. ಅಲ್ಲಿಯೂ ಹಂಗಿತ್ತು, ಕೆಲವು ಮನೆಗಳಲ್ಲಿ ಮಾತೂ ಇತ್ತು, ಉಂಡವರು ಅದನ್ನು ಬಲ್ಲರು. ಆದರೆ ಹುಡುಗನು ಎಷ್ಟು ತುತ್ತು ಉಂಡನು, ಯಾವ ಪಲ್ಯವನ್ನು ಬಿಟ್ಟನು ಎಂದು ಬರೆದಿಟ್ಟು ಆ ಪಟ್ಟಿಯನ್ನು ತರಕಾರಿ ಮಂಡಿಗೆ ಮಾರಿದ ಗೃಹಿಣಿಯಿದ್ದಳೆಂದು ಯಾವ ಊರಿನಲ್ಲಿಯೂ ಕೇಳಿಲ್ಲ.

ಹಾಗಾದರೆ ಉಪಾಧ್ಯಾಯನು ಏನು ಮಾಡತಕ್ಕದ್ದು? ಉಪಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಅತ್ತಿಮಬ್ಬೆಯ ಪರೀಕ್ಷೆಯನ್ನು ಮಾಡತಕ್ಕದ್ದು. ಇದನ್ನು ಶಾಲೆಯ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಇಟ್ಟುಕೊಳ್ಳಬಹುದೆ? ಹುಡುಗನ ಹೆಸರನ್ನು ಹೇಳದೆ ತೆರೆಯಬಹುದೆ? ಸ್ವತಃ ಉಪಾಧ್ಯಾಯನೇ ಬರೆದದ್ದನ್ನು ಇಡಿಯಾಗಿ ಹಿಂದಕ್ಕೆ ಪಡೆಯಬಹುದೆ? ಜಿಯೋಜೀಬ್ರಾವೂ ಫೆಟ್‌ನ ಪ್ರಯೋಗಗಳೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಇವುಗಳನ್ನು ಇಳಿಸಿಕೊಂಡ ಮೇಲೆ ಇಂಟರ್‌ನೆಟ್ಟಿನ ಹಂಗೇ ಇಲ್ಲ. ಇದು ಸಣ್ಣ ಸೌಕರ್ಯವಲ್ಲ. 2023-24ರ ಸರ್ಕಾರಿ ಲೆಕ್ಕದ ಪ್ರಕಾರ ಭಾರತದ ಶಾಲೆಗಳಲ್ಲಿ ಇಂಟರ್‌ನೆಟ್ ಸಂಪರ್ಕವಿದ್ದುದು ಶೇಕಡಾ 53.9ಕ್ಕೆ ಮಾತ್ರ. ಸಂಪರ್ಕವಿದ್ದಲ್ಲಿಯೂ ಮಳೆಗಾಲದಲ್ಲಿ ಮಲೆನಾಡಿನ ಶಾಲೆಯೊಂದಕ್ಕೆ ಹೋಗಿ ನೋಡಿದರೆ, ವಿಡಿಯೋ ತೆರೆಯುವುದನ್ನು ಕಾಯುತ್ತ ನಲವತ್ತು ಮಕ್ಕಳು ಸುತ್ತುತ್ತಿರುವ ಒಂದು ಚಕ್ರವನ್ನು ನೋಡುವ ಪಾಠವು ಕಾಣಸಿಗುತ್ತದೆ.

ಇಳಿಸಿಕೊಂಡಿಡುವುದರಲ್ಲಿ ಇನ್ನೊಂದು ರಕ್ಷಣೆಯುಂಟು. ಜಿಯೋಜೀಬ್ರಾವನ್ನು 2021ರಲ್ಲಿ ಬೆಂಗಳೂರಿನ ಬೈಜೂಸ್ ಸಂಸ್ಥೆಯು ಕೊಂಡುಕೊಂಡಿತು. ಅದೇ ಸಂಸ್ಥೆಯ ಮೇಲೆ 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಯನ್ನು ಆರಂಭಿಸಲು ನ್ಯಾಯಾಧಿಕರಣವು ಆಜ್ಞೆ ಮಾಡಿತು. ಸಾಲಿಗರ ವ್ಯಾಜ್ಯವು ಹೇಗೆ ಮುಗಿದರೂ, ಹಳ್ಳಿಯ ಶಾಲೆಯೊಂದರ ಕಂಪ್ಯೂಟರಿನಲ್ಲಿ ಮೊದಲೇ ಇಳಿದು ಕುಳಿತಿರುವ ಪ್ರತಿಯಲ್ಲಿ ಅರ್ಧವೃತ್ತದ ಕೋನವು ಲಂಬವಾಗಿಯೇ ಇರುತ್ತದೆ.

ಇದು ಆಗಲಾರದ ಕೆಲಸವೆಂದು ಹೇಳುವಂತಿಲ್ಲ. ನೆರೆಯ ಕೇರಳವು 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ಕ್ರಮೇಣ ಸ್ವತಂತ್ರ ತಂತ್ರಾಂಶವನ್ನೇ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಅಳವಡಿಸಿತು. ತಂತ್ರಾಂಶವನ್ನು ಪ್ರತಿ ಮಾಡಿಕೊಳ್ಳುವ, ತಿದ್ದಿಕೊಳ್ಳುವ, ಹಂಚುವ ಅಧಿಕಾರ ಯಾರಿಗೂ ಉಂಟೆಂಬುದು ಅಲ್ಲಿಯ 'ಸ್ವತಂತ್ರ' ಶಬ್ದದ ಅರ್ಥ, ಬೆಲೆಯಿಲ್ಲವೆಂಬುದು ಆನುಷಂಗಿಕ. ಕರ್ನಾಟಕದಲ್ಲಿಯೂ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯೊಡನೆ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಭಂಡಾರವನ್ನು 2013ರಲ್ಲಿ ತೆರೆಯಿತು. ಅದರಲ್ಲಿ ಗಣಿತ, ವಿಜ್ಞಾನ, ಸಮಾಜವಿಜ್ಞಾನ, ಭಾಷೆಗಳ ಪಾಠಸಾಮಗ್ರಿಯನ್ನು ಕನ್ನಡದಲ್ಲಿ ಬರೆದವರಲ್ಲಿ ಸರ್ಕಾರಿ ಪ್ರೌಢಶಾಲೆಗಳ ಉಪಾಧ್ಯಾಯರೇ ಬಹಳ ಮಂದಿ. ಬೇರೆಯವರು ಅದನ್ನು ತೆಗೆದುಕೊಂಡು ತಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಗುಲ್ಬರ್ಗದ ಉಪಾಧ್ಯಾಯನು ತೊಗರಿಯ ಉದಾಹರಣೆಯನ್ನು ಹಾಕಿಕೊಂಡರೆ ಕೊಡಗಿನವನು ಕಾಫಿಯದನ್ನು ಹಾಕಿಕೊಳ್ಳಬಹುದು. ಮನೆಯಂಗಳದಲ್ಲಿ ಇಂಥ ಬಾವಿಯಿರುವಾಗ, ಹೊಳಪಿನ ಜಾಹಿರಾತಿಗೆ ಮರುಳಾಗಿ ಕೊಡ ಹಿಡಿದು ಪರದೇಶದ ನಲ್ಲಿಯ ಮುಂದೆ ಸಾಲು ನಿಲ್ಲುವುದು ಸೋಜಿಗ. ಬಾವಿಯ ಹೂಳೆತ್ತುವವರು ಕಡಮೆಯಾಗಿದ್ದರೆ ಅದಕ್ಕೂ ಈ ಸಾಲೇ ಕಾರಣ.

ಕಾನೂನು ನೋಡಿಕೊಳ್ಳುವುದೆಂದು ಕೈಕಟ್ಟಿ ಕೂರುವವರಿಗೆ ಒಂದು ಮಾತು. ವೈಯಕ್ತಿಕ ವಿವರಗಳ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಕಾಯಿದೆಯನ್ನು ಮಾಡಿತು. ಹದಿನೆಂಟು ತುಂಬದವರ ವಿವರಗಳಿಗೆ ತಂದೆತಾಯಿಗಳ ಒಪ್ಪಿಗೆ ಬೇಕೆಂದೂ, ಅವರನ್ನು ಹಿಂಬಾಲಿಸಿ ಜಾಹಿರಾತು ತೋರಿಸಕೂಡದೆಂದೂ ಅದು ವಿಧಿಸುತ್ತದೆ. ನಿಯಮಗಳು ಹೊರಬಿದ್ದುದು 2025ರ ನವೆಂಬರಿನಲ್ಲಿ. ಇಂಥ ಮುಖ್ಯ ವಿಧಿಗಳ ಆಚರಣೆಗೆ ಅಲ್ಲಿಂದ ಮುಂದೆ ಹದಿನೆಂಟು ತಿಂಗಳ ಅವಕಾಶವನ್ನಿಟ್ಟಿದೆ. ಎಂಟನೆಯ ತರಗತಿಗೆ ಸೇರಿದವನು ಕಾಯಿದೆಯ ಜನನದಿಂದ ಆಚರಣೆಯವರೆಗೆ ಕಾದು ಕುಳಿತರೆ ಪ್ರೌಢಶಾಲೆಯನ್ನೇ ದಾಟಿರುತ್ತಾನೆ.

ಕೊನೆಗೆ ಉಳಿಯುವ ಆಕ್ಷೇಪವು ಶ್ರಮದ್ದು. ವಾರಕ್ಕೆ ಮೂವತ್ತು ಪಿರಿಯಡು ಪಾಠ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆಯ ಕೆಲಸ. ಇವುಗಳ ನಡುವೆ ಉಪಕರಣಗಳನ್ನು ಪರೀಕ್ಷಿಸಿ ಇಳಿಸಿಕೊಳ್ಳಲು ಪುರಸೊತ್ತೆಲ್ಲಿ? ಇದು ನ್ಯಾಯವಾದ ಆಕ್ಷೇಪ. ಒಬ್ಬೊಬ್ಬ ಉಪಾಧ್ಯಾಯನ ಮೇಲೆ ಹೊರಿಸತಕ್ಕ ಭಾರವಲ್ಲ. ಆದರೆ ಸಾವಿರ ಪ್ರತಿಗಳನ್ನು ಮಾಡಿಸಿದವಳು ಸಾವಿರ ಓದುಗರಿಗೂ ಕಂಠ ಕೊಟ್ಟು ಬರೆಯಿರೆನ್ನಲಿಲ್ಲ. ತಾಲ್ಲೂಕಿಗೊಬ್ಬರಂತೆ ಬಲ್ಲ ಉಪಾಧ್ಯಾಯರನ್ನು ಬೇಸಗೆಯ ರಜೆಯಲ್ಲಿ ಒಂದು ವಾರ ಕೂರಿಸಿ, ಅವರಿಗೆ ಭತ್ಯವನ್ನು ಕೊಟ್ಟರೆ, ಜಿಲ್ಲೆಯ ಪ್ರೌಢಶಾಲೆಗಳಿಗೆಲ್ಲ ಸಾಲುವ ಒಂದು ಸಂಪುಟವು ಸಿದ್ಧವಾದೀತು. ಜಿಯೋಜೀಬ್ರಾ, ಫೆಟ್‌ನ ಕನ್ನಡ ಪ್ರಯೋಗಗಳು, ಮುಕ್ತ ಸಂಪನ್ಮೂಲಗಳ ಪಾಠಗಳು, ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿರುವ ಪಠ್ಯಪುಸ್ತಕಗಳು, 2003ರಲ್ಲಿ ಆರಂಭವಾಗಿ ಮೂವತ್ತು ಸಾವಿರಕ್ಕೂ ಮಿಕ್ಕ ಲೇಖನಗಳಾಗಿರುವ ಕನ್ನಡ ವಿಕಿಪೀಡಿಯ, ಇವೆಲ್ಲ ಹೆಬ್ಬೆರಳಿನಷ್ಟು ಗಾತ್ರದ ಒಂದು ಪೆನ್‌ಡ್ರೈವಿನಲ್ಲಿ ಅಡಗುತ್ತವೆ. ಅದನ್ನು ಶಾಲೆಗೆ ಕೊಡುವಾಗ ದಾಸ್ತಾನು ಪುಸ್ತಕದಲ್ಲಿ, ಭೂಗೋಳದ ಗ್ಲೋಬು, ಗೋಡೆಯ ಭೂಪಟ, ಕಿಟ್ಟೆಲ್ ನಿಘಂಟು ಇವುಗಳ ಸಾಲಿನಲ್ಲಿ, ಒಂದು ನಂಬರು ಹಾಕಿ ಬರೆದುಕೊಳ್ಳಬೇಕು. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವಾಗ ಬೀಗದ ಕೈಯೊಡನೆ ಅದನ್ನೂ ಎಣಿಸಿ ಒಪ್ಪಿಸುವಂತಿರಬೇಕು.